ಎಂಟು ಸಾಲು ಮಲ್ಲಿಗೆ

ಜಾಗ ಕೊಳ್ಳಲು ಹೊರಟವರು ಯಾರೇ ನನ್ನ ಬಳಿ ಬಂದರೂ ಮೊದಲು ಹೇಳುವ ಮಾತು ಒಂದೇ. ನಾಲ್ಕು ಬದಿ ಅಳೆದು ಮನೆಗೆ ಹೋಗಬೇಡಿ. ಟೇಪನ್ನು ಒಂದು ಮೂಲೆಯಿಂದ ಎದುರಿನ ಮೂಲೆಗೂ ಎಳೆಯಿರಿ. ಮಾರುವವನು ‘ಅದೆಲ್ಲ ಎಂತಕ್ಕೆ’ ಎಂದು ಗೊಣಗಿದರೆ ಅಲ್ಲಿಂದ ಎದ್ದು ಬನ್ನಿ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಇಷ್ಟು ವರ್ಷ ‘ಅನುಭವ ಮಾರಾಯ್ರೆ’ ಎಂದು ನಕ್ಕು ಮಾತು ಮುಗಿಸಿದ್ದೇನೆ. ಅನುಭವ ಎಂಬುದು ಮರ್ಯಾದೆಯ ಶಬ್ದ. ನಿಜವಾಗಿ ಅದು ಶಂಕರಪುರದ ಹತ್ತಿರದ ಒಬ್ಬ ಹೆಂಗಸಿಗೆ ನಾನು ಮಾಡಿದ ಅನ್ಯಾಯ.

ಮೊದಲಿನಿಂದ ಹೇಳಬೇಕಾದರೆ ಕಾಪುವಿನ ಹೈಸ್ಕೂಲಿನಿಂದ ಸುರುಮಾಡಬೇಕು. ಎಪ್ಪತ್ತರ ದಶಕ ಆಗಷ್ಟೇ ಹುಟ್ಟಿತ್ತು. ಚೌಕಾಸಿ ನನಗೆ ಆಗಲೇ ಅಂಟಿದ ಗುಣ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಜೋಡಿಸಿಟ್ಟು, ಈ ಸಲ ರೇಖಾಗಣಿತದಲ್ಲಿ ಯಾವ ಪ್ರಮೇಯ ಬಂದೀತು, ಯಾವುದು ಬಾರದು ಎಂದು ಅಂದಾಜು ಕಟ್ಟುತ್ತಿದ್ದೆ. ಆ ಪಟ್ಟಿಯನ್ನು ಗೆಳೆಯರಿಗೆ ಕೊಟ್ಟು, ಬದಲಿಗೆ ವಿಜ್ಞಾನದ ಪುಸ್ತಕದಲ್ಲಿ ಕಪ್ಪೆ, ಹೃದಯ, ದಾಸವಾಳಗಳ ಚಿತ್ರ ಬರೆಸಿಕೊಳ್ಳುತ್ತಿದ್ದೆ. ಹಾಗೆ ಆರಿಸಿದ ಹದಿನಾಲ್ಕು ಪ್ರಮೇಯಗಳನ್ನು ದೀಪಸ್ತಂಭದ ಬಂಡೆಯ ಮೇಲೆ ಕುಳಿತು, ಸಮುದ್ರದ ಸದ್ದಿಗೆ ಮೇಲಾಗುವಂತೆ ಕೂಗಿ ಕೂಗಿ ಬಾಯಿಪಾಠ ಮಾಡಿದೆ. ದತ್ತ, ಸಾಧನೀಯ, ರಚನೆ, ಸಾಧನೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ ಎಂಬ ಜಂಬ ನನಗೆ.

ನಮ್ಮ ಗಣಿತದ ಮಾಸ್ಟ್ರಿಗೆ ಈ ಜಂಬ ಗೊತ್ತಿತ್ತು. ಮೆಲ್ಲಗೆ ಮಾತನಾಡುವ, ಸೀಮೆಸುಣ್ಣದ ತುಂಡನ್ನು ಕೊನೆಯ ಚೂರಿನವರೆಗೂ ಬಳಸುವ ಮನುಷ್ಯ. ಉತ್ತರ ಸರಿ ಹೇಳಿದವನನ್ನೂ ಅವರು ಬಿಡುತ್ತಿರಲಿಲ್ಲ, ‘ಯಾಕೆ?’ ಎಂದು ಕೇಳುತ್ತಿದ್ದರು. ಒಂದು ದಿನ ನನ್ನನ್ನು ಹಲಗೆಯ ಬಳಿ ಕರೆದು, ಒಂದೇ ಪಾದದ ಮೇಲೆ, ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಇರುವ ಸಮಾಂತರ ಚತುರ್ಭುಜಗಳ ವಿಸ್ತೀರ್ಣ ಸಮ ಎಂಬ ಪ್ರಮೇಯ ಬರೆಯಲು ಹೇಳಿದರು. ನನ್ನ ಹದಿನಾಲ್ಕರಲ್ಲಿ ಅದೂ ಒಂದು. ಒಂದು ಅಲ್ಪವಿರಾಮವೂ ತಪ್ಪದಂತೆ ಬರೆದು ಕೈ ಕೊಡವಿದೆ.

ಮಾಸ್ಟ್ರು ಅದನ್ನೆಲ್ಲ ಒರೆಸಿದರು. ಅದೇ ಚಿತ್ರವನ್ನು ತಲೆಕೆಳಗು ಮಾಡಿ, ಎಡಕ್ಕೆ ವಾಲಿದ್ದನ್ನು ಬಲಕ್ಕೆ ವಾಲಿಸಿ, ಎ ಬಿ ಸಿ ಡಿ ಇದ್ದಲ್ಲಿ ಪಿ ಕ್ಯೂ ಆರ್ ಎಸ್ ಎಂದು ಬರೆದರು.

“ಈಗ ಹೇಳು.”

ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಬಾಯಿಯಲ್ಲಿ ‘ಎಬಿ ಸಮ ಸಿಡಿ’ ಎಂಬುದು ಬಂದು ಬಂದು ನಿಲ್ಲುತ್ತಿತ್ತು. ಕೊನೆಗೆ, “ಸರ್, ಇದು ಪುಸ್ತಕದಲ್ಲಿ ಇಲ್ಲ” ಎಂದೆ.

ಕ್ಲಾಸು ನಕ್ಕಿತು. ಮಾಸ್ಟ್ರು ನಗಲಿಲ್ಲ. “ಅಲ್ಲ ಮಾರಾಯ, ನಿನ್ನನ್ನು ತಲೆಕೆಳಗೆ ನಿಲ್ಲಿಸಿ ಬೇರೆ ಹೆಸರಿನಲ್ಲಿ ಕರೆದರೆ ನೀನು ಬೇರೆ ಮನುಷ್ಯ ಆಗ್ತೀಯಾ?” ಎಂದರು. ಮತ್ತೆ ಮೆಲ್ಲಗೆ, “ಸಂಜೆ ನಿಲ್ಲು. ಒಂದು ಕಾಗದ ಕತ್ತರಿಸಿ ತೋರಿಸ್ತೇನೆ. ಹತ್ತು ನಿಮಿಷ ಸಾಕು” ಎಂದರು.

“ಅದು ಪರೀಕ್ಷೆಗೆ ಉಂಟಾ ಸರ್?”

“ಇಲ್ಲ.”

ಲಾಭವಿಲ್ಲದ ವ್ಯಾಪಾರ ಎಂದುಕೊಂಡು ನಾನು ಸಂಜೆ ನಿಲ್ಲಲಿಲ್ಲ. ಪರೀಕ್ಷೆಯಲ್ಲಿ ಅದೇ ಪ್ರಮೇಯ, ಅದೇ ಎ ಬಿ ಸಿ ಡಿ ಜೊತೆ ಬಂತು. ಪೂರ್ತಿ ಅಂಕ ಸಿಕ್ಕಿತು. ಅಂಕಪಟ್ಟಿಯನ್ನು ಬೇಕೆಂದೇ ಮಾಸ್ಟ್ರ ಕಣ್ಣಿಗೆ ಬೀಳುವಂತೆ ಹಿಡಿದುಕೊಂಡು ಹೋದೆ. “ಸಂತೋಷ” ಎಂದರು. ಅಷ್ಟೇ. ಆ ಸಂತೋಷದಲ್ಲಿ ಸಂತೋಷ ಇರಲಿಲ್ಲ ಎಂದು ಆಗಲೇ ಗೊತ್ತಾಗಿತ್ತು, ಗೊತ್ತಾಗದವನಂತೆ ಇದ್ದೆ. ಹಾಗೆ ಇರುವುದು ಮುಂದೆ ನನಗೆ ಅಭ್ಯಾಸವಾಯಿತು.

ಮುಂದೆ ಓದುವ ಅನುಕೂಲ ಇರಲಿಲ್ಲ. ಉಡುಪಿಗೆ ಬಂದು, ಜಾಗದ ವ್ಯವಹಾರ ಮಾಡಿಸುತ್ತಿದ್ದ ಒಬ್ಬ ಹಿರಿಯರ ಜೊತೆ ಸೇರಿಕೊಂಡೆ. ಮಣಿಪಾಲದಲ್ಲಿ ಆಗ ಕಲ್ಲುಪಾರೆಯನ್ನೂ ಕೇಳುವವರಿದ್ದರು. ಡಾಕ್ಟರು, ಪ್ರೊಫೆಸರು, ಬ್ಯಾಂಕಿನವರು, ಎಲ್ಲರಿಗೂ ಅಲ್ಲೊಂದು ಮನೆಜಾಗ ಬೇಕು. ಹಿರಿಯರು ಕಲಿಸಿದ ಸೂತ್ರ ಒಂದೇ ಸಾಲಿನದು: ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧಮಾಡು, ಎರಡು ಅರ್ಧಗಳನ್ನು ಗುಣಿಸು. “ಯಾಕೆ ಹಾಗೆ?” ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಗದ ಪೆನ್ನಿಲ್ಲದೆ ಬಾಯಲ್ಲೇ ಗುಣಿಸಿ, ಎಕರೆಗೆ ನೂರರ ಲೆಕ್ಕದಲ್ಲಿ ‘ಇಷ್ಟು ಸೆಂಟ್ಸ್’ ಎಂದು ಹೇಳುತ್ತಿದ್ದುದಕ್ಕೆ ನನಗೆ ದೊಡ್ಡ ಹೆಸರಾಯಿತು. ಓದಿದ ದೊಡ್ಡ ದೊಡ್ಡವರೂ ತಲೆ ಆಡಿಸುತ್ತಿದ್ದರು.

ಕಾರ್ಕಳದ ಕಡೆ ನಿಟ್ಟೆಯಲ್ಲಿ ಒಂದು ಜಾಗಕ್ಕೆ ಸರಕಾರಿ ಸರ್ವೇಯರು ಬಂದಿದ್ದರು. ನಾಲ್ಕು ಬದಿ ಅಳೆದ ಮೇಲೂ ಅವರು ಬಿಸಿಲಲ್ಲಿ, ಮುಳ್ಳುಪೊದೆಗಳ ನಡುವೆ ಹೊಕ್ಕು, ಮೂಲೆಯಿಂದ ಮೂಲೆಗೆ ಸರಪಳಿ ಎಳೆಯುತ್ತಿದ್ದರು. ನಾನು ಮರದ ನೆರಳಲ್ಲಿ ನಿಂತು, “ಎಂತ ಸಾರ್, ಊಟದ ಹೊತ್ತಾಗಲಿ ಅಂತ ಎಳೀತಿದ್ದೀರಾ?” ಎಂದು ತಮಾಷೆ ಮಾಡಿದೆ.

“ಮೂಲೆ ಅಳೆಯದಿದ್ರೆ ಜಾಗ ನಿಲ್ಲೂದಿಲ್ಲ ಮಾರಾಯ್ರೆ” ಎಂದರು ಅವರು, ಬೆವರು ಒರೆಸಿಕೊಳ್ಳುತ್ತ.

ಜಾಗ ಎಲ್ಲಿಗೆ ಓಡಿಹೋಗುತ್ತದೆ ಎಂದು ನಾನು ನಕ್ಕೆ. ಆ ಮನುಷ್ಯ ಎಳೆಯುವುದನ್ನು ಅದಕ್ಕೆ ಮೊದಲೂ ನೋಡಿದ್ದೆ, ಆಮೇಲೂ ನೋಡಿದೆ. ಒಂದು ಸಲವಾದರೂ ಯಾಕೆ ಎಂದು ಕೇಳಬಹುದಿತ್ತು.

ಈಗ ಆ ಹೆಂಗಸಿನ ವಿಷಯ. ಅಕ್ಕ, ತಂಗಿ ಇಬ್ಬರು. ನನ್ನ ತಾಯಿಯ ಕಡೆಯಿಂದ ದೂರದ ನೆಂಟರು. ಗೇಣಿದಾರರಿಗೆ ಭೂಮಿ ಸಿಕ್ಕಿದ ಭೂಮಸೂದೆಯ ಕಾಲದಲ್ಲಿ ಅವರ ತಾಯಿಯ ಹೆಸರಿಗೆ ಬಂದ ಸಣ್ಣ ಜಾಗ ಶಂಕರಪುರದ ಹತ್ತಿರ ಇತ್ತು. ತಾಯಿ ತೀರಿಕೊಂಡ ಮೇಲೆ ಅದನ್ನು ಸಮ ಪಾಲು ಮಾಡಿಕೊಂಡು, ಇಬ್ಬರೂ ಮಲ್ಲಿಗೆ ತೋಟ ಮಾಡುವುದೆಂದು ತೀರ್ಮಾನವಾಯಿತು. ಆ ಕಡೆ ಮಲ್ಲಿಗೆ ಎಂದರೆ ಹೆಂಗಸರ ಕೈಯ ಸ್ವಂತ ದುಡಿಮೆ. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕಳಿಸಿದರೆ ಮನೆ ನಡೆಯುತ್ತದೆ. ತಂಗಿಯ ಗಂಡ ಮುಂಬಯಿಯ ಹೋಟೆಲಿನಲ್ಲಿ ಇದ್ದ. ಅವನಿಂದ ಕಾಗದ ಬರುವುದೇ ಅಪರೂಪ. ಹಾಗಾಗಿ ತೋಟ ಅವಳಿಗೆ ತೋಟ ಮಾತ್ರ ಆಗಿರಲಿಲ್ಲ.

ಜಾಗ ನೇರ ಇರಲಿಲ್ಲ. ಮೊಣಕೈ ಮಡಚಿದ ಹಾಗೆ. ರಸ್ತೆಯ ಕಡೆಯ ಅರ್ಧ ನೇರ ಮೂಲೆಗಳ ಉದ್ದಚೌಕವಾಗಿತ್ತು, ಸಣ್ಣ ಹಳ್ಳದಂಥ ತೋಡಿನ ಕಡೆಯ ಅರ್ಧ ನೀರು ಹರಿದ ಹಾಗೆ ವಾಲಿಕೊಂಡಿತ್ತು. ನಡುವೆ ಎಂಬತ್ತು ಅಡಿಯ ಗಡಿ ಹಾಕಿದೆ. ಆ ಕಡೆ ಬದಿಗಳು ಎಂಬತ್ತು, ಅರುವತ್ತು. ಈ ಕಡೆಯೂ ವಾಲಿದ ಬದಿಯ ಮೇಲೆ ಟೇಪು ಹಿಡಿದು ಅಳೆದರೆ ಎಂಬತ್ತು, ಅರುವತ್ತು. ಸೂತ್ರ ಹಾಕಿದೆ.

“ಎರಡೂ ಹನ್ನೊಂದು ಸೆಂಟ್ಸ್. ಚೂರೂ ಹೆಚ್ಚುಕಡಿಮೆ ಇಲ್ಲ” ಎಂದು ಘೋಷಿಸಿದೆ. ನಮ್ಮ ಕೂಡುಕಟ್ಟಿನ, ಅಂದರೆ ಊರಿನ ನಮ್ಮ ಜನರ ಕೂಟದ, ಹಿರಿಯರಾದ ಗುರಿಕಾರರು ಸಾಕ್ಷಿಗೆ ಬಂದಿದ್ದರು; ಅವರು ಬೆನ್ನು ತಟ್ಟಿದರು. ತಂಗಿ, “ಅಕ್ಕ ಮೊದಲು ಹೇಳಲಿ, ಅವಳಿಗೆ ಬೇಕಾದ್ದು ತಗೊಳ್ಳಲಿ” ಎಂದಳು. ಅಕ್ಕ ರಸ್ತೆಯ ಕಡೆಯ ಚೌಕ ಹೇಳಿದಳು. ತೋಡಿನ ಕಡೆಯದ್ದು ತಂಗಿಗೆ ಬಂತು.

ಎರಡು ಮಳೆಗಾಲ ಕಳೆದು, ಗಿಡ ನೆಟ್ಟು ಮುಗಿದ ಮೇಲೆ ತಂಗಿ ಒಂದು ಸಮಾರಂಭದ ಊಟದಲ್ಲಿ ನನ್ನನ್ನು ಹಿಡಿದಳು. ಗುರಿಕಾರರು, ಅಕ್ಕ, ಅಕ್ಕನ ಗಂಡ ಎಲ್ಲರೂ ಅಲ್ಲೇ ಇದ್ದರು.

“ಅಣ್ಣ, ನೀವು ಅಳೆದದ್ದರಲ್ಲಿ ಎಂತದೋ ತಪ್ಪು ಉಂಟು. ಇಬ್ಬರೂ ನಾಲ್ಕು ಮೊಳ ಬಿಟ್ಟು ಗಿಡ ನೆಟ್ಟದ್ದು. ಅಕ್ಕನಲ್ಲಿ ಹತ್ತು ಸಾಲು ಹಿಡಿಯಿತು, ನನ್ನಲ್ಲಿ ಎಂಟೇ ಸಾಲು.”

“ಸಾಲು ವಾರೆ ಹಾಕಿರ್ತಿ ಮಾರಾಯ್ತಿ.”

“ಇಲ್ಲ ಅಣ್ಣ, ಹಗ್ಗ ಹಿಡಿದು ನೆಟ್ಟದ್ದು. ಸಾಲಿಗೆ ಹದಿಮೂರು ಗಿಡ, ಅದು ಇಬ್ಬರಿಗೂ ಸಮ. ಸಾಲೇ ಎರಡು ಕಮ್ಮಿ.”

ನಾನು ಸುತ್ತಲಿನವರನ್ನು ನೋಡಿ ದೊಡ್ಡ ದನಿಯಲ್ಲಿ ಹೇಳಿದೆ: “ಮಣಿಪಾಲದ ಪ್ರೊಫೆಸರುಗಳು ನನ್ನ ಅಳತೆ ಒಪ್ತಾರೆ, ಇವಳಿಗೆ ಸಾಕಾಗೂದಿಲ್ಲ! ಗಿಡ ನೆಡ್ಲಿಕ್ಕೆ ಬಾರದಿದ್ರೆ ಟೇಪು ಎಂತ ಮಾಡ್ತದೆ?”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ, ಅವಳಿಗೆ ಸಿಟ್ಟು ಬಂತು. “ನನ್ನ ಎರಡು ಸಾಲಿನ ಮೇಲೆ ಕಣ್ಣು ಅಂತ ನೇರ ಹೇಳು. ಅಣ್ಣನ ಮೇಲೆ ಯಾಕೆ ಹಾಕ್ತಿ?” ಎಂದಳು. ತಂಗಿಯ ಮುಖ ಕೆಂಪಾಯಿತು. ಅವಳು ಎಲೆ ಮಡಚಿ ಎದ್ದು ಹೋದಳು. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು.

ಅವಳು ಹೇಳಿದ್ದನ್ನು ಮತ್ತೊಮ್ಮೆ ಓದಿ ನೋಡಿ. ಅಂತರ ಸಮ, ಸಾಲಿನ ಉದ್ದ ಸಮ, ಸಾಲಿನ ಸಂಖ್ಯೆ ಕಡಿಮೆ. ಇದಕ್ಕಿಂತ ಶುದ್ಧವಾದ ಸಾಧನೆಯನ್ನು ಯಾವ ಪುಸ್ತಕವೂ ಕೊಡುವುದಿಲ್ಲ. ನನಗೆ ಅದು ಹೆಂಗಸಿನ ಗೊಣಗಾಟ ಎಂದು ಕೇಳಿಸಿತು.

ನನ್ನ ದೊಡ್ಡಕ್ಕನ ಮಗಳು ಹೈಸ್ಕೂಲು ಓದಲು ಉಡುಪಿಯ ನಮ್ಮ ಮನೆಯಲ್ಲಿ ಇದ್ದಳು. ನಮ್ಮಲ್ಲಿ ಸೋದರಮಾವನ ಮನೆ ಎಂದರೆ ಸೊಸೆಗೆ ತನ್ನದೇ ಮನೆ. ಮಾವನನ್ನು ಪ್ರಶ್ನಿಸುವ ಹಕ್ಕೂ ಅವಳದೇ. ಒಂಬತ್ತನೆಯ ಕ್ಲಾಸು. ಒಂದು ಸಂಜೆ ನಾನು ಜಗಲಿಯಲ್ಲಿ ಕುಳಿತು ಚಾ ಕುಡಿಯುತ್ತಿದ್ದಾಗ ಅವಳ ಲೆಕ್ಕದ ಪುಸ್ತಕ ನೋಡಿ, “ಇಷ್ಟೆಲ್ಲ ಎಂತಕ್ಕೆ? ನನ್ನ ಹತ್ತಿರ ಒಂದೇ ಸೂತ್ರ ಉಂಟು” ಎಂದು ನನ್ನ ವಿದ್ಯೆ ಕಲಿಸಿದೆ.

“ಯಾಕೆ ಹಾಗೆ ಮಾವ?”

“ಹಾಗೇ. ಎಲ್ಲರೂ ಮಾಡೂದು ಹಾಗೇ.”

ಅವಳು ಒಳಗೆ ಹೋಗಿ ತೆಂಗಿನ ಗರಿಯ ಹಿಡಿಸೂಡಿಯಿಂದ ನಾಲ್ಕು ಕಡ್ಡಿ ಕಿತ್ತು ತಂದಳು. ಎರಡನ್ನು ಎಂಟು ಇಂಚು, ಎರಡನ್ನು ಆರು ಇಂಚು ಮುರಿದು, ಮೂಲೆಗಳನ್ನು ಹೂ ಕಟ್ಟುವ ಬಾಳೆನಾರಿನಲ್ಲಿ ಸಡಿಲವಾಗಿ ಬಿಗಿದು ಒಂದು ಚೌಕಟ್ಟು ಮಾಡಿ ನೆಲದ ಮೇಲಿಟ್ಟಳು.

“ಇದರ ಒಳಗಿನ ಜಾಗ ಎಷ್ಟು ಮಾವ, ನಿಮ್ಮ ಸೂತ್ರದಲ್ಲಿ?”

“ನಲವತ್ತೆಂಟು.”

ಬೆರಳಿನಿಂದ ಒಂದು ಮೂಲೆಯನ್ನು ದೂಡಿದಳು. ಚೌಕಟ್ಟು ವಾಲಿತು. “ಈಗ?”

“ಬದಿಗಳು ಅವೇ ಅಲ್ವಾ? ನಲವತ್ತೆಂಟು.”

ಮತ್ತೂ ದೂಡಿದಳು. ಕಡ್ಡಿಗಳು ಒಂದರ ಮೈಗೆ ಒಂದು ಅಂಟಿ ಮಲಗಿದವು. ನಡುವೆ ಒಂದು ಇರುವೆ ನಿಲ್ಲಲೂ ಜಾಗ ಇರಲಿಲ್ಲ. “ಈಗ?”

ನಾನು ನಲವತ್ತೆಂಟು ಎನ್ನಲು ಬಾಯಿ ತೆರೆದಿದ್ದೆ. ಅವಳು ನಕ್ಕಳು, ಅವಳಿಗೆ ಅದು ಆಟ. ನನ್ನ ಕಣ್ಣೆದುರು ತೋಡಿನ ಬದಿಯ ವಾಲಿದ ಬೇಲಿ ಬಂದು ನಿಂತಿತು. ‘ಜಾಗ ನಿಲ್ಲೂದಿಲ್ಲ’ ಎಂದು ಸರ್ವೇಯರು ಹೇಳಿದ್ದರ ಅರ್ಥವೂ ಆಗಲೇ ಹೊಳೆಯಿತು: ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಕಟ್ಟಿದ್ದರೆ ಆ ಚೌಕಟ್ಟು ಅಲುಗಾಡುತ್ತಿರಲಿಲ್ಲ.

ಮರುದಿನ ಶಂಕರಪುರಕ್ಕೆ ಹೋದೆ. ತಂಗಿ ಗಿಡಗಳ ಬುಡಕ್ಕೆ ಗೊಬ್ಬರ ಹಾಕುತ್ತಿದ್ದಳು. ನನ್ನನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡು ಬಂದಳು.

“ಎಂತ ಅಣ್ಣ, ಪುನಃ ಅಳೀತೀರಾ?”

“ಸುಮ್ಮನೆ. ಬೇರೆ ಒಂದು ಕೆಲಸಕ್ಕೆ ಬೇಕಿತ್ತು. ಈ ತುದಿ ಹಿಡಿ.”

ಅವಳು ಟೇಪಿನ ತುದಿ ಹಿಡಿದುಕೊಂಡು, ನಾನು ಹೇಳಿದ ಮೂಲೆಯಲ್ಲಿ ನಿಂತಳು. ಒಂದು ಕರ್ಣ ನೂರ ಇಪ್ಪತ್ತೈದು ಅಡಿ, ಇನ್ನೊಂದು ಅರುವತ್ತೈದು. ಅಕ್ಕನ ತೋಟದ್ದು ಎರಡೂ ನೂರು ನೂರು. ಅಂಕಿಗಳನ್ನು ಸಿಗರೇಟು ಪ್ಯಾಕಿನ ಮೇಲೆ ಬರೆದುಕೊಂಡು ಬಂದು, ಯಾರದ್ದೆಂದು ಹೇಳದೆ ಸೊಸೆಗೆ ಕೊಟ್ಟೆ. ಅವಳು ಊಟಕ್ಕೆ ಮೊದಲೇ ಲೆಕ್ಕ ಮುಗಿಸಿದಳು. ವಾಲಿದ ಜಾಗದ ನೇರ ಎತ್ತರ ನಲವತ್ತೆಂಟೇ ಅಡಿ. ಹನ್ನೊಂದು ಸೆಂಟ್ಸ್ ಅಲ್ಲ, ಒಂಬತ್ತೂ ತುಂಬುವುದಿಲ್ಲ. ನಲವತ್ತೆಂಟು ಅಡಿಗೆ ನಾಲ್ಕು ಮೊಳ, ಅಂದರೆ ಆರಡಿಗೊಂದು ಸಾಲು: ಎಂಟು ಸಾಲು.

ಇಲ್ಲಿಯವರೆಗೆ ನಡೆದದ್ದು ತಿಳಿಯದೆ ಮಾಡಿದ ತಪ್ಪು. ಇನ್ನು ಬರೆಯುವುದು ತಿಳಿದು ಮಾಡಿದ್ದು.

ನಾನು ಯಾರಿಗೂ ಹೇಳಲಿಲ್ಲ. ಮನಸ್ಸಿನಲ್ಲೇ ವ್ಯಾಪಾರ ಕುದುರಿಸಿದೆ. ಒಂದು ಕಡೆ ನನ್ನ ಟೇಪು ತಪ್ಪಿತು ಎಂದು ಸುದ್ದಿಯಾದರೆ, ಮಣಿಪಾಲದಲ್ಲಿ ನಾನು ಅಳೆದುಕೊಟ್ಟವರೆಲ್ಲ ಬಾಗಿಲಿಗೆ ಬರುತ್ತಾರೆ. ಅವುಗಳಲ್ಲಿ ಎಷ್ಟು ಚೌಕ, ಎಷ್ಟು ವಾರೆ, ಯಾರಿಗೆ ಗೊತ್ತು? ಇನ್ನೊಂದು ಕಡೆ ಎರಡು ಸಾಲು ಮಲ್ಲಿಗೆಯೇ ತಾನೇ, ಹಸಿವಿನಿಂದ ಯಾರೂ ಸಾಯಲಿಲ್ಲವಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಸೊಸೆ ಆಗೊಮ್ಮೆ ಈಗೊಮ್ಮೆ, “ಮಾವ, ಆ ವಾರೆ ಜಾಗದವರಿಗೆ ಹೇಳಿದಿರಾ?” ಎಂದು ಕೇಳುತ್ತಿದ್ದಳು. “ಹೇಳ್ತೇನೆ, ಹೇಳ್ತೇನೆ. ನೀನು ಓದು” ಎನ್ನುತ್ತಿದ್ದೆ.

ಆ ವರ್ಷವೇ ಶಂಕರಪುರದ ಅಕ್ಕನ ಮಗಳ ಮದುವೆ ನಡೆಯಿತು. ಕರೆಯಬೇಕಲ್ಲ ಎಂದು ತಂಗಿಗೆ ಒಂದು ಕಾಗದ ಹೋಗಿತ್ತೇ ಹೊರತು ಮನೆಯವರು ಯಾರೂ ಹೋಗಿ ಕರೆದಿರಲಿಲ್ಲ. ಅವಳು ಬರಲಿಲ್ಲ. ಅಕ್ಕನ ತೋಟದ ಹೂ ಆ ದಿನ ಸಾಲದೆ, ಮದುಮಗಳ ಜಡೆಗೆ ಏರಿದ ಮಲ್ಲಿಗೆಯಲ್ಲಿ ಅರ್ಧ ಬೇರೆ ಯಾರದ್ದೋ ತೋಟದಿಂದ ಕೊಂಡು ತಂದದ್ದು. ಚಿಕ್ಕಮ್ಮನ ಹಿತ್ತಿಲಲ್ಲಿ ಮಲ್ಲಿಗೆ ಇರುವಾಗ ಹೊರಗಿನ ಹೂ ಮುಡಿದು ಧಾರೆಗೆ ಕೂರುವುದು ಆ ಊರಿನಲ್ಲಿ ಕಂಡುಕೇಳದ ಮಾತು. ಹೆಂಗಸರು ಪಿಸುಗುಟ್ಟಿದರು, ತಪ್ಪೆಲ್ಲ ತಂಗಿಯದ್ದೆಂದೇ. “ಎರಡು ಸಾಲಿಗಾಗಿ ಸುಳ್ಳು ಹೇಳಿದವಳು” ಎಂದು ಒಬ್ಬಳು ಹೇಳಿದ್ದು ಊಟದ ಪಂಕ್ತಿಯಲ್ಲಿ ನನಗೆ ಸ್ಪಷ್ಟ ಕೇಳಿಸಿತು. ನಾನು ತಲೆ ತಗ್ಗಿಸಿ ಪಾಯಸ ಬಡಿಸಿಕೊಂಡೆ. ಎರಡು ಸಲ ಬಡಿಸಿಕೊಂಡೆ.

ಮದುವೆ ಕಳೆದು ಕೆಲವು ತಿಂಗಳಿಗೆ ತಂಗಿ ಉಡುಪಿಯಲ್ಲಿ ನನ್ನ ಆಫೀಸು ಕೋಣೆಗೆ ಬಂದಳು. ಕುಳಿತುಕೊಳ್ಳಲಿಲ್ಲ.

“ಅಣ್ಣ, ನನ್ನ ಪಾಲಿನ ಜಾಗ ಮಾರಿ ಕೊಡಿ.”

“ತೋಟ ಮಾರಿ ಎಂತ ಮಾಡ್ತಿ?”

“ಬೀಡಿ ಕಟ್ತೇನೆ. ಹೇಳಿ ಹೇಳಿ ನನಗೆ ಸಾಕಾಯಿತು. ದಿನಾ ಹೂ ಕೊಯ್ಯುವಾಗ ಎಂಟು ಸಾಲು ಎಣಿಸೂದು, ಆಚೆ ಹತ್ತು ಸಾಲು ಕಾಣೂದು, ಮತ್ತೆ ಸುಳ್ಳಿ ಅಂತ ಹೇಳಿಸಿಕೊಳ್ಳೂದು. ಗಿಡ ನೆಡ್ಲಿಕ್ಕೆ ಬಾರದವಳಿಗೆ ತೋಟ ಎಂತಕ್ಕೆ?” ನನ್ನ ಮಾತನ್ನು ನನಗೇ ತಿರುಗಿ ಕೊಟ್ಟಳು. ಆಮೇಲೆ, “ಎಷ್ಟು ಸೆಂಟ್ಸ್ ಅಂತ ಹಾಕ್ತೀರಿ?” ಎಂದು ಕೇಳಿದಳು.

ಇದು ನನ್ನನ್ನು ಸಿಕ್ಕಿಸಿತು. ಹನ್ನೊಂದು ಎಂದರೆ ಕೊಳ್ಳುವವನಿಗೆ ತಿಳಿದೂ ಮೋಸ. ಒಂಬತ್ತು ಎಂದರೆ ಅಲ್ಲಿಗೇ ಎಲ್ಲ ಹೊರಬರುತ್ತದೆ. “ಒಂದು ವಾರ ತಡಿ. ಮಾರಬೇಡ” ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ನನ್ನನ್ನು ಕೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

ಗುರಿಕಾರರಿಗೆ ಹೇಳಿ, ಅಕ್ಕನ ಮನೆಯ ಜಗಲಿಯಲ್ಲಿ ಎಲ್ಲರೂ ಸೇರುವ ಏರ್ಪಾಡು ಮಾಡಿದೆ. ಸೊಸೆಯ ಬಳಿ, “ವಾರೆ ಜಾಗದ ಲೆಕ್ಕ ಸರಿಯಾಗಿ ಬರೆದು ಕೊಡು, ನಾಲ್ಕು ಜನರೆದುರು ಹೇಳಬೇಕು” ಎಂದೆ.

“ಬರೆಯೂದು ಎಂತಕ್ಕೆ ಮಾವ? ಇಲ್ಲಿ ಕೂತ್ಕೊಳ್ಳಿ, ಒಂದು ಕಾಗದ ಕತ್ತರಿಸಿ ತೋರಿಸ್ತೇನೆ. ಹತ್ತು ನಿಮಿಷ.”

ಮಾಸ್ಟ್ರ ಅದೇ ಮಾತು, ಹನ್ನೆರಡು ವರ್ಷಗಳ ನಂತರ. ನನಗೆ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೂ, “ಪುರುಸೊತ್ತಿಲ್ಲ, ಬರೆದೇ ಕೊಡು, ಬಾಯಿಪಾಠ ಮಾಡ್ತೇನೆ” ಎಂದೆ. ಅವಳು ಚೆಂದದ ಅಕ್ಷರದಲ್ಲಿ ಒಂದು ಪುಟ ಬರೆದುಕೊಟ್ಟಳು. ಉಡುಪಿಯಿಂದ ಹೋಗುವ ಬಸ್ಸಿನಲ್ಲಿ ಅದನ್ನು ಉರು ಹೊಡೆದೆ. ಓದುವವರಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವವರು ಇದ್ದರೆ ಕೇಳಿ: ಹತ್ತು ನಿಮಿಷ ಉಳಿಸುವ ಮಕ್ಕಳನ್ನು ಹೊಗಳಬೇಡಿ. ಆ ಹತ್ತು ನಿಮಿಷವನ್ನು ಅವರು ಎಲ್ಲೋ, ಬೇರೆ ಯಾರದ್ದೋ ಕೈಯಿಂದ ಕಟ್ಟಿಸುತ್ತಾರೆ.

ಜಗಲಿಯಲ್ಲಿ ಗುರಿಕಾರರು, ಅಕ್ಕ, ಅವಳ ಗಂಡ, ನೆರೆಯ ಇಬ್ಬರು. ತಂಗಿ ಕಂಬದ ಆಚೆ ನಿಂತಿದ್ದಳು. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಅಳತೆಯಲ್ಲಿ ತಪ್ಪಾಗಿದೆ ಎಂದು ಹೇಳಿ, ಎ ಬಿ ಸಿ ಡಿ ಎಂದು ಸುರುಮಾಡಿದೆ. ಅಕ್ಕನ ಗಂಡ ತಡೆದರು.

“ನಿಲ್ಲಿ ನಿಲ್ಲಿ. ಎರಡು ಪಾಲಿನ ಬದಿಗಳೂ ಸಮ ಅಂತ ಅಳೆದು ಹೇಳಿದ್ದು ನೀವೇ ಅಲ್ವಾ? ಬದಿ ಸಮ ಇದ್ದ ಮೇಲೆ ಜಾಗ ಹೇಗೆ ಕಮ್ಮಿ ಆಗ್ತದೆ? ಮತ್ತೆ ನಮ್ಮ ತೋಡು ವಾಲಿದ್ದು ಈ ಕಡೆ, ನೀವು ಬರೆದದ್ದು ಆ ಕಡೆ!”

ನಿಜ. ಸೊಸೆಯ ಕಾಗದದಲ್ಲಿ ಚಿತ್ರ ಎಡಕ್ಕೆ ವಾಲಿತ್ತು. ಒರೆಸಿ ಬಲಕ್ಕೆ ಬರೆದೆ. ಬರೆದೊಡನೆ ಅಕ್ಷರಗಳು ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ. ಬಾಯಲ್ಲಿ ‘ಎಬಿ ಸಮ ಸಿಡಿ’ ಬಂದು ನಿಂತಿತು. ಜಗಲಿ ಕಾಪುವಿನ ಕ್ಲಾಸಾಯಿತು. ಬೆವರು ಮೂಗಿನ ತುದಿಯಿಂದ ಚಿತ್ರದ ಮೇಲೆ ಬಿತ್ತು.

“ಬಾಯಿಪಾಠ ತಪ್ಪಿತಾ ಅಣ್ಣ?” ಎಂದು ಕಂಬದ ಆಚೆಯಿಂದ ತಂಗಿ ಕೇಳಿದಳು.

ಅವಳು ಅಂಗಳಕ್ಕಿಳಿದು ಬಾಳೆಯ ಎಲೆಯೊಂದನ್ನು ಕತ್ತಿಯಲ್ಲಿ ಕೊಯ್ದು ತಂದಳು. ಅದರಿಂದ ಒಂದು ಚೌಕ ತುಂಡು ಮಾಡಿದಳು. ಗೇಣು, ಬೆರಳು ಇಟ್ಟು ಅಳೆದು, ಅದೇ ಉದ್ದದ ಬದಿಗಳ ಇನ್ನೊಂದು ತುಂಡನ್ನು ವಾರೆಯಾಗಿ ಕತ್ತರಿಸಿದಳು. ಎರಡನ್ನೂ ಅಕ್ಕಪಕ್ಕ ಇಟ್ಟಳು.

“ಇದು ಅಕ್ಕನದ್ದು, ಇದು ನನ್ನದ್ದು. ಬದಿ ಎಲ್ಲ ಸಮ ಉಂಟಾ, ಭಾವ? ನೀವೇ ಇಟ್ಟು ನೋಡಿ.”

ಭಾವ ಬದಿಗೆ ಬದಿ ಇಟ್ಟು ನೋಡಿದರು. “ಸಮ ಉಂಟು.”

“ನನ್ನ ತೋಟದಲ್ಲಿ ಈ ತುದಿಯಲ್ಲಿ ಸಾಲು ಹೊರಗೆ ಚಾಚಿಕೊಂಡು ಹೋಗ್ತದೆ, ಆ ತುದಿಯಲ್ಲಿ ಅಷ್ಟೇ ಒಳಗೆ ಬರ್ತದೆ. ಅದಕ್ಕೇ ಸಾಲಿಗೆ ಹದಿಮೂರು ಗಿಡ ತಪ್ಪೂದಿಲ್ಲ. ಈ ಚಾಚಿದ್ದನ್ನು ಕೊಯ್ದು ಆ ತುದಿಗೆ ಇಡ್ತೇನೆ.” ವಾರೆ ತುಂಡಿನ ಒಂದು ತುದಿಯ ಮೂರು ಮೂಲೆಯ ಚೂರನ್ನು ನೇರ ಕೊಯ್ದು, ಇನ್ನೊಂದು ತುದಿಗೆ ತಾಗಿಸಿದಳು. ವಾರೆಯದ್ದು ಚೌಕವಾಯಿತು. ಅದನ್ನು ಎತ್ತಿ ಅಕ್ಕನ ಎಲೆಯ ಮೇಲೆ ಇಟ್ಟಳು. ಉದ್ದ ಸರಿ ಹೊಂದಿತು. ಅಗಲದಲ್ಲಿ ಅಕ್ಕನ ಎಲೆ ಒಂದು ಪಟ್ಟಿ ಹೊರಗೆ ಉಳಿಯಿತು.

“ಆ ಪಟ್ಟಿಯೇ ಎರಡು ಸಾಲು” ಎಂದಳು.

ಗುರಿಕಾರರು ಉಳಿದ ಪಟ್ಟಿಯ ಮೇಲೆ ಹೆಬ್ಬೆರಳು ಎಳೆದರು. ನಾನು ದೀಪಸ್ತಂಭದ ಬಂಡೆಯ ಮೇಲೆ ಕೂಗಿ ಕೂಗಿ ಕಲಿತ ಪ್ರಮೇಯ ಅಲ್ಲಿ ಬಾಳೆಲೆಯಾಗಿ ಬಿದ್ದಿತ್ತು. ಅದು ಏನು ಹೇಳುತ್ತದೆ ಎಂದು ನನಗೆ ಅಂದು, ಆ ನೆಲದ ಮೇಲೆ, ಮೊದಲ ಸಲ ಅರ್ಥವಾಯಿತು. ಮಾಸ್ಟ್ರು ಕತ್ತರಿಸಬೇಕೆಂದಿದ್ದ ಕಾಗದವೂ ಇದೇ ಇರಬೇಕು.

ಸುಮ್ಮನಿರಬೇಕಿತ್ತು. ನಾನು ನ್ಯಾಯ ಹೇಳುವ ದನಿ ಮಾಡಿ, “ಹಾಗಾದರೆ ಅಕ್ಕ ಎರಡು ಸಾಲು ತಂಗಿಗೆ ಬಿಟ್ಟುಕೊಡಬೇಕು” ಎಂದೆ.

“ಎರಡಲ್ಲ ಅಣ್ಣ, ಒಂದು” ಎಂದಳು ತಂಗಿ. “ಎರಡು ಕೊಟ್ರೆ ನನಗೆ ಹತ್ತು, ಅಕ್ಕನಿಗೆ ಎಂಟು. ನನಗೆ ಆದದ್ದು ಅವಳಿಗೆ ಆಗ್ತದೆ. ಒಂದು ಕೊಟ್ರೆ ಇಬ್ಬರಿಗೂ ಒಂಬತ್ತು.”

ಗುರಿಕಾರರು ಹೊಟ್ಟೆ ಹಿಡಿದು ನಕ್ಕರು. “ಅಯ್ಯೋ ಮಾರಾಯ, ಊರಿನ ಜಾಗವೆಲ್ಲ ನಿನ್ನ ಕೈಯಲ್ಲಿ ಉಂಟಲ್ಲ!” ನಕ್ಕು ಮುಗಿದ ಮೇಲೆ ಗಂಭೀರವಾಗಿ, “ಇವಳು ಸುಳ್ಳು ಹೇಳಲಿಲ್ಲ ಅಂತ ನಿನ್ನ ಬಾಯಲ್ಲಿ ಹೇಳು” ಎಂದರು. ಹೇಳಿದೆ. ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿಸಿದರು. ಅಕ್ಕ ಬಹಳ ಹೊತ್ತು ಬಾಳೆಲೆಯನ್ನೇ ನೋಡುತ್ತಿದ್ದಳು. ಎದ್ದು ಒಳಗೆ ಹೋಗುವಾಗ ತಿರುಗಿ, “ಅಲ್ಲೇ ಯಾಕೆ ನಿಂತದ್ದು? ಒಳಗೆ ಬಾ. ಹೂ ಕಟ್ಟುವ ಹೊತ್ತಾಯಿತಲ್ಲ, ನಾರು ನೆನೆಸಿಟ್ಟಿದ್ದೇನೆ” ಎಂದಳು. ತಂಗಿ ಒಳಗೆ ಹೋದಳು.

ಮೂರನೆಯ ದಿನ ಗಡಿ ಸರಿಸಲು ಹೋದೆವು. ನಾನು ಟೇಪು ತಂದಿದ್ದೆ. ತಂಗಿ ಕೇಳದೆಯೇ ಅದರ ತುದಿ ಹಿಡಿದುಕೊಂಡು ನಡೆದು, ಮೂಲೆಯಲ್ಲಿ ನಿಂತಳು. ಟೇಪು ನಮ್ಮಿಬ್ಬರ ನಡುವೆ ಬಿಗಿಯಾಗಿ ನಿಂತಾಗ ಅವಳು ಅಲ್ಲಿಂದಲೇ ಕೇಳಿದಳು.

“ನಿಮಗೆ ಯಾವಾಗ ಗೊತ್ತಾಯಿತು ಅಣ್ಣ, ತಪ್ಪಿದ್ದು?”

ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಬಾಗಿಲು ಯಾರೂ ತೆರೆದುಕೊಡುವುದಿಲ್ಲ. ನನ್ನ ನಾಲಿಗೆ ಅದರ ಅಭ್ಯಾಸದಂತೆ ಕಡಿಮೆ ಬೆಲೆಯ ಉತ್ತರ ಹುಡುಕಿತು.

“ಮೊನ್ನೆ ಮೊನ್ನೆ. ನೀನು ಮಾರ್ತೇನೆ ಅಂತ ಬಂದೆಯಲ್ಲ, ಆಗ ಕೂತು ಲೆಕ್ಕ ಹಾಕಿದೆ.”

ಅವಳು ಕೈಯಲ್ಲಿದ್ದ ಟೇಪಿನ ತುದಿಯನ್ನು ನೋಡಿದಳು, ಆಮೇಲೆ ನಾನು ನಿಂತ ಎದುರಿನ ಮೂಲೆಯನ್ನು ನೋಡಿದಳು. ಒಂದು ವರ್ಷದ ಹಿಂದೆ, ಅವಳ ಸೊಂಟದೆತ್ತರದ ಅದೇ ಗಿಡಗಳ ನಡುವೆ, ಅದೇ ಎರಡು ಮೂಲೆಗಳಲ್ಲಿ ನಾವು ಹೀಗೆಯೇ ನಿಂತಿದ್ದೆವು.

“ಹೌದಾ” ಎಂದಳು. ಟೇಪನ್ನು ಸಡಿಲ ಬಿಡದೆ, ನಾನು ಅಂಕಿ ಓದುವವರೆಗೂ ಹಿಡಿದುಕೊಂಡೇ ನಿಂತಳು.